ಬನ್ನೇನೋ ಉಬ್ಬಿತು, ಭಾಂಡೆ ಯಾರು ತಿಕ್ಕೋರು?

ಬಹಳ ದಿನ ಆಗಿತ್ತು ಈ ಕಡೆ ತಲೆ ಹಾಕಿ. ಆಫೀಸು, ರಿಲೀಸು, ರಿಲೀಸಾದ ಮೇಲೆ ಬಂದ ಬಗ್ಗುಗಳು... ನೆಪಕ್ಕೇನು ಬರ? ಈ ಸಲ ಬರೆಯಲೇಬೇಕು ಅಂತ ಹಿಡಿದು ಕೂರಿಸಿದ್ದು ಒಂದು ಬನ್ನು. ನಗಬೇಡಿ, ನಿಜವಾಗ್ಲೂ ಬನ್ನು :)

ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಸಿಂಧನೂರಿಗೆ ಹೋಗಿದ್ದೆ. ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಗೆ ಯಾರಾದ್ರೂ ರಜೆಗೆ ಹೋಗ್ತಾರಾ ಅಂತ ಬೆಂಗಳೂರಿನ ಗೆಳೆಯರು ಕೇಳಿದರು. ಅವರ ಪ್ರಶ್ನೆಯಲ್ಲೇನೂ ತಪ್ಪಿಲ್ಲ. ಹನ್ನೊಂದು ಗಂಟೆಗೇ ರಸ್ತೆ ಖಾಲಿ, ನಲ್ಲಿ ತಿರುಗಿಸಿದರೆ ಕಾದ ನೀರು, ಫ್ಯಾನು ತಿರುಗಿದಷ್ಟೂ ಬಿಸಿಗಾಳಿ. ಆದ್ರೆ ಲಿಂಗಸುಗೂರಿನಿಂದ ಅಕ್ಕ ಮಕ್ಕಳನ್ನ ಕರಕೊಂಡು ತವರಿಗೆ ಬರೋದು ಆಗಲೇ. ದೊಡ್ಡಾಕಿಗೆ ಎಂಟು ವರ್ಷ, ಸಣ್ಣಾಂವಗೆ ಐದು. ನಾನು ವರ್ಷಕ್ಕೊಮ್ಮೆ ಸಿಗೋ ಮಾಮ. ಹಾಗಾಗಿ ಆ ಹತ್ತು ದಿನ ನನ್ನ ಮಾತಿಗೆ ಮನೆಯಲ್ಲಿ ಭಾರಿ ಬೆಲೆ.

ಎರಡನೇ ದಿನ ದೊಡ್ಡಾಕಿ ನನ್ನ ಫೋನ್ ತಂದು ಮುಖಕ್ಕೆ ಹಿಡಿದಳು. ಯಾವುದೋ ತಂಪು ದೇಶದ ವಿಡಿಯೋ. ಕಿಟಕಿ ಹೊರಗೆ ಹಿಮ, ಒಳಗೆ ಬಿಳಿ ಬಿಳಿ ಅಡುಗೆಮನೆ, ಒಬ್ಬ ತಾಯಿ, ಅಡುಗೆ ಬಟ್ಟೆ ಕಟ್ಟಿಕೊಂಡ ಎರಡು ಮಕ್ಕಳು. ಹಿಟ್ಟನ್ನ ಚಾಪೆ ಥರ ಲಟ್ಟಿಸಿ, ಬೆಣ್ಣೆ ಸವರಿ, ಸಕ್ಕರೆ ದಾಲ್ಚಿನ್ನಿ ಉದುರಿಸಿ, ಚಾಪೆ ಸುತ್ತಿದಂಗೆ ಸುತ್ತಿ, ತುಂಡು ಮಾಡಿ, ಒಲೆಯೊಳಗಿಟ್ಟು... "ಮಾಮಾ, ನಾವೂ ಇದನ್ನ ಮಾಡೂಣು!" ಅಂದಳು. ಸಣ್ಣಾಂವ ಏನು ಅಂತ ನೋಡದೇನೇ "ಹ್ಞೂಂ ಮಾಡೂಣು" ಅಂತ ಕುಣಿದ.

2020ರ ಲಾಕ್‌ಡೌನಿನಲ್ಲಿ ಊರಲ್ಲೇ ಕೂತು ಕೆಲಸ ಮಾಡುವಾಗ ತರಿಸಿದ್ದ ಓಟಿಜಿ ಅಟ್ಟದ ಮೇಲಿತ್ತು. ಆಗ ನಾಲ್ಕು ಸಲ ಕೇಕು ಮಾಡಿ, ಐದನೇ ಸಲ ಬೇಜಾರಾಗಿ ಮೇಲೆ ಹಾಕಿದ್ದೆ. ಅದನ್ನ ಇಳಿಸಿದೆ. ಯೀಸ್ಟು ಮಾತ್ರ ಇರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಅಡುಗೆ ಸೋಡಾ ಕೊಟ್ಟರು. ಕೊನೆಗೆ ಬೇಕರಿಯವರು ಒಂದಿಷ್ಟು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟರು, ದುಡ್ಡೂ ಬೇಡ ಅಂದರು.

ಅಳತೆ ಬೇಕು ಅನ್ನೋರಿಗೆ: ಕಾಲು ಕೆಜಿ ಮೈದಾ, 150 ಎಂಎಲ್ ಉಗುರುಬೆಚ್ಚಗಿನ ಹಾಲು, 40 ಗ್ರಾಂ ಸಕ್ಕರೆ, 30 ಗ್ರಾಂ ಬೆಣ್ಣೆ, ಒಂದು ಟೀ ಚಮಚ ಒಣ ಯೀಸ್ಟು, ಅರ್ಧ ಟೀ ಚಮಚ ಉಪ್ಪು. ಒಳಗೆ ತುಂಬೋದಕ್ಕೆ ದಾಲ್ಚಿನ್ನಿ ಬದಲು ನಾವು ಪುಡಿ ಬೆಲ್ಲ, ಹುರಿದ ಎಳ್ಳು, ಶೇಂಗಾ ಪುಡಿ, ಯಾಲಕ್ಕಿ ಹಾಕಿದೆವು. ಮನೇಲಿ ಇದ್ದದ್ದು ಅದೇ. ಅಂದಹಾಗೆ ಸ್ವೀಡನ್ನಿನವರು ಈ ಬನ್ನಿನ ಹಿಟ್ಟಿಗೇ ಯಾಲಕ್ಕಿ ಹಾಕ್ತಾರೆ. ಅವರಿಗೆ ಇದರ ಹುಚ್ಚು ಎಷ್ಟು ಅಂದ್ರೆ 1999ರಿಂದ ಅಕ್ಟೋಬರ್ 4ನ್ನ ದಾಲ್ಚಿನ್ನಿ ಬನ್ನಿನ ದಿನ ಅಂತಲೇ ಆಚರಿಸ್ತಾರೆ. ದಾಲ್ಚಿನ್ನಿಯೂ ಯಾಲಕ್ಕಿಯೂ ಹೋಗಿದ್ದು ನಮ್ಮ ಕಡೆಯ ನೆಲದಿಂದ. ದಿನಾಚರಣೆ ಮಾತ್ರ ಅವರದ್ದು.

ಯೀಸ್ಟಿಗೆ ಜೀವ ಇದೆ, ಅದು ಸಕ್ಕರೆ ತಿಂದು ಗಾಳಿ ಬಿಡುತ್ತೆ, ಆ ಗಾಳಿಗೇ ಹಿಟ್ಟು ಉಬ್ಬೋದು ಅಂತ ಮಕ್ಕಳಿಗೆ ಹೇಳಿದೆ. ತಪ್ಪು ಮಾಡಿದೆ. "ಗಾಳಿ ಬಿಡ್ತೈತಾ?!" ಅಂತ ಸಣ್ಣಾಂವ ನೆಲದ ಮೇಲೆ ಉರುಳಾಡಿ ನಕ್ಕ. ಸಂಜೆ ಮನೆಗೆ ಬಂದ ಪ್ರತಿಯೊಬ್ಬರಿಗೂ ಪರಾತದ ಮೇಲಿನ ಬಟ್ಟೆ ಎತ್ತಿ ತೋರಿಸಿ ಅದನ್ನೇ ಹೇಳಿದ.

ಮೊದಲ ಸಲ ಕೆಟ್ಟಿತು. ರೆಸಿಪಿಯಲ್ಲಿ "ಬೆಚ್ಚಗಿನ ಜಾಗದಲ್ಲಿ ಒಂದೂವರೆ ಗಂಟೆ ಇಡಿ" ಅಂತ ಇತ್ತು. ನಾನು ಪ್ರಾಮಾಣಿಕವಾಗಿ ಒಂದೂವರೆ ಗಂಟೆ ಇಟ್ಟೆ. ಬೆಚ್ಚಗಿನ ಜಾಗ ಅಂದ್ರೆ ಆ ದೇಶದವರಿಗೆ 25 ಡಿಗ್ರಿ ಇರಬಹುದು. ಸಿಂಧನೂರಿನ ಅಡುಗೆಮನೆ ಮಧ್ಯಾಹ್ನ 40ರ ಹತ್ತಿರ. ಯೀಸ್ಟಿಗೆ ಸುಮಾರು 30ರಿಂದ 38 ಡಿಗ್ರಿ ಅಂದ್ರೆ ಹಬ್ಬ, ನಮ್ಮಲ್ಲಿ ಹಬ್ಬವೂ ಮೀರಿ ಜಾತ್ರೆಯೇ ಆಗಿತ್ತು. ಮುಕ್ಕಾಲು ಗಂಟೆಯೊಳಗೇ ಉಬ್ಬಿ, ಆಮೇಲೆ ಕುಸಿದು, ಹುಳಿ ವಾಸನೆ ಹೊಡೀತು. ನಮ್ಮ ಕಡೆ ಬೇಸಿಗೆಯಲ್ಲಿ ಮಾಡೋರು ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಎರಡು ಪಟ್ಟಾಯ್ತಾ, ಮುಗೀತು. ಹಾಲನ್ನೂ ಬಿಸಿ ಮಾಡೋ ಗೋಜಿಗೆ ಹೋಗಬೇಡಿ.

ಮತ್ತೆ ಕಲಸಿದೆವು. ಓವನ್ ಕಾಯೋಕೆ ಇಟ್ಟ ಕೂಡಲೇ ಕರೆಂಟು ಹೋಯ್ತು. (ಹೋಗದೇ ಇದ್ದರೆ ಆಶ್ಚರ್ಯಪಡಬೇಕಿತ್ತು.) ಆಗ ಅವ್ವ ಹಳೇ ವಿದ್ಯೆ ತೆಗೆದಳು. ದೊಡ್ಡ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಗ್ಯಾಸ್ಕೆಟ್ಟು ಸೀಟಿ ಎರಡೂ ತೆಗೆದು, ನೀರು ಹಾಕದೇ ಹತ್ತು ನಿಮಿಷ ಕಾಯಿಸಿ, ಒಳಗೆ ಒಂದು ಸ್ಟ್ಯಾಂಡು, ಅದರ ಮೇಲೆ ಬನ್ನಿನ ಡಬ್ಬಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಓವನ್ ಇಲ್ಲದ ಕಾಲದಲ್ಲಿ ನಮ್ಮ ಅಮ್ಮಂದಿರು ಹೀಗೇ ಕೇಕು ಮಾಡ್ತಿದ್ದದ್ದು, ನಿಮ್ಮಲ್ಲೂ ಹಲವರಿಗೆ ನೆನಪಿರಬೇಕು. ಮೇಲೆ ಕೆಂಪಗಾಗಲಿಲ್ಲ, ಆದ್ರೆ ಒಳಗೆ ಹತ್ತಿ ಹತ್ತಿ. ಬೆಲ್ಲ ಕರಗಿ ತಳಕ್ಕಿಳಿದು ಚಿಕ್ಕಿ ಥರ ಹಿಡಿದಿತ್ತು. ಬಿಸಿ ಇದ್ದಾಗಲೇ ಎಂಟೂ ಬನ್ನು ಖಾಲಿ.

ಇಲ್ಲಿಗೇ ಬರಹ ಮುಗಿಸಿ ಎರಡು ಫೋಟೋ ಹಾಕಿದ್ದರೆ ನೀವೂ "ವಾವ್, ಬಾಯಲ್ಲಿ ನೀರೂರಿತು" ಅಂತ ಕಾಮೆಂಟು ಹಾಕಿ ಹೋಗ್ತಿದ್ರಿ. ಆದ್ರೆ ಬರೆಯೋಕೆ ಕೂತಿದ್ದು ಆಮೇಲಿನದಕ್ಕೆ.

ತಿಂದು ಮುಗಿಸಿ ನಾನು, ಸಣ್ಣಾಂವ ಇಬ್ಬರೂ ಹೊರಗಿನ ಕೋಣೆಯಲ್ಲಿ ಫೋಟೋ ನೋಡ್ತಾ ಕೂತಿದ್ವಿ. ಯಾವುದನ್ನ ಗುಂಪಿಗೆ ಕಳಿಸೋದು ಅಂತ ಗಂಭೀರ ಚರ್ಚೆ. ಒಳಗೆ ಅಡುಗೆಮನೆ ಹೆಂಗಿತ್ತು ಅಂದ್ರೆ ಗೋಡೆಗೂ ಮೈದಾ, ಗ್ಯಾಸಿನ ಕಟ್ಟೆ ಮೇಲೆ ಬೆಲ್ಲದ ಪಾಕ, ಇರುವೆಗಳು ಆಗಲೇ ಸಾಲು ಹಿಡಿದು ಬಂದಿದ್ವು. ಅಕ್ಕ ಬಾಗಿಲಲ್ಲಿ ನಿಂತು ಕರೆದಳು. "ತಮ್ಮಾ, ಸ್ವಲ್ಪ ಒಳಗ ಬಂದು ನೋಡು."

ಹೋದೆ. ದೊಡ್ಡಾಕಿ ಕಸಬರಿಗೆ ಹಿಡಿದು ಮೈದಾ ಗುಡಿಸ್ತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ.

"ಆಟ ಆಡ್ದೋರು ಮೂರು ಮಂದಿ. ಕಸಬರಿಗಿ ಹಿಡಿದಾಕಿ ಒಬ್ಬಾಕಿ. ಎಂಟು ವರ್ಷಕ್ಕ ಇದು ಅಕಿಗೆ ಎಲ್ಲಿಂದ ಬಂತು ಹೇಳು" ಅಂದಳು ಅಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭ ಆಗ್ತಿತ್ತು. ಆಮೇಲೆ ಭಾಂಡೆ ಎತ್ತಿಕೊಳ್ತಾ ಇನ್ನೊಂದು ಮಾತು ಹೇಳಿದಳು. "ಅಡಿಗಿ ಕಲಸೂದಿದ್ರ ಅಂವಗ ಕಲಸು. ಇಕಿಗೆ ಬ್ಯಾಡ. ಇಕಿಗೆ ಹೆಂಗೂ ಜೀವನಪೂರ್ತಿ ಇದ್ದದ್ದ ಐತಿ."

ಅಕ್ಕನ ಈ ಮಾತು ಅರ್ಥ ಆಗಬೇಕಾದ್ರೆ ಮಸ್ಕಿಗೆ ಹೋಗಬೇಕು. ಸಿಂಧನೂರು-ಲಿಂಗಸುಗೂರು ರಸ್ತೆಯಲ್ಲೇ ನಡುವೆ ಸಿಗೋ ಊರು, ನಮ್ಮ ಅಜ್ಜಿಯ ಊರು. ನಿಮಗೆಲ್ಲ ಪಠ್ಯಪುಸ್ತಕದಿಂದ ಗೊತ್ತಿರುತ್ತೆ, ಅಶೋಕ ಅನ್ನೋ ಹೆಸರು ಮೊದಲ ಬಾರಿಗೆ ಸಿಕ್ಕ ಶಾಸನ, 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಂಡುಹಿಡಿದದ್ದು. ನಮಗೆ ಬೇಸಿಗೆ ರಜೆ ಅಂದ್ರೆ ಮಸ್ಕಿ. ಅಜ್ಜಿ ಶೇಂಗಾ ಹೋಳಿಗೆ ಮಾಡಿದರೆ ಓಣಿಯ ತುದಿವರೆಗೂ ವಾಸನೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋಕೆ ಹೋಗುವಾಗ ಬುಟ್ಟಿಯಲ್ಲಿ ಅದರದ್ದೇ ಒಂದು ಗೋಪುರ ಇರ್ತಿತ್ತು. ಹದಿನೈದು ದಿನ ಇಟ್ಟರೂ ಕೆಡ್ತಿರಲಿಲ್ಲ, ಇಡೋಕೆ ನಾವು ಬಿಡ್ತಿರಲಿಲ್ಲ ಅಷ್ಟೇ.

ಆ ಅಡುಗೆಮನೆಯಿಂದ ಅಜ್ಜಿ ನನ್ನನ್ನ ಸೌಟು ತೋರಿಸಿ ಓಡಿಸ್ತಿದ್ದಳು. "ಗಂಡುಹುಡುಗ ಒಲಿ ಮುಂದ ಯಾಕ? ಹೋಗು ಕಟ್ಟಿಮ್ಯಾಲ ಓದು." ಓಡಿಸುವಾಗ ಕೈಗೊಂದು ಪುಂಗಿ ಕೊಡ್ತಿದ್ದಳು. ಬಿಸಿ ಚಪಾತಿಗೆ ತುಪ್ಪ ಸವರಿ ಸಕ್ಕರೆ ಉದುರಿಸಿ ಸುತ್ತಿದ್ದು, ಅದಕ್ಕೆ ನಮ್ಮ ಮನೇಲಿ ಪುಂಗಿ ಅಂತಿದ್ವಿ. ಯೋಚಿಸಿದರೆ ನಮ್ಮ ಮನೆಯ ಸಿಹಿ ಸುರುಳಿ ಅದೇ. ಮೂರು ನಿಮಿಷದ ಕೆಲಸ, ಯೀಸ್ಟೂ ಬೇಡ, ಓವನ್ನೂ ಬೇಡ. ನಾನು ಅದನ್ನ ತಿಂತಾ ಕಟ್ಟೆ ಮೇಲೆ ಕೂತು ಓದಿದೆ. ಎಂಜಿನಿಯರ್ ಆದೆ.

ಅಕ್ಕ ಅದೇ ಹೊತ್ತಿಗೆ ಒಳಗೆ ಮಣೆ ಮೇಲೆ ಕೂತು ಹೋಳಿಗೆ ಲಟ್ಟಿಸ್ತಿದ್ದಳು. ಒಂಬತ್ತನೇ ವಯಸ್ಸಿಗೇ ಅವಳಿಗೆ ರೊಟ್ಟಿ ಬಡಿಯೋಕೆ ಬರ್ತಿತ್ತು, ಬಂದೋರೆಲ್ಲ ಹೊಗಳ್ತಿದ್ದರು. ಹೊಗಳಿಕೆಗೆ ಪ್ರತಿಯಾಗಿ ಇನ್ನೂ ಹತ್ತು ರೊಟ್ಟಿ ಹೆಚ್ಚು ಬಡಿಯೋದು. ಇವತ್ತು ಅವಳಿಗೆ ಅಡುಗೆ ಅಂದ್ರೆ ಆಗಲ್ಲ. ಮಾಡ್ತಾಳೆ, ಚೆನ್ನಾಗೇ ಮಾಡ್ತಾಳೆ, ದಿನಾ ಇಪ್ಪತ್ತೈದು ಜೋಳದ ರೊಟ್ಟಿ. ಆದ್ರೆ ಅಜ್ಜಿಯ ಶೇಂಗಾ ಹೋಳಿಗೆ ಮಾತ್ರ ಮದುವೆಯಾದ ಮೇಲೆ ಒಂದು ಸಲವೂ ಮಾಡಿಲ್ಲ. ಅಜ್ಜಿ ಹೋಗಿ ಆರು ವರ್ಷದ ಮೇಲಾಯ್ತು. ಅಳತೆ ಗೊತ್ತಿರೋ ಒಬ್ಬಳಿಗೆ ಮಾಡೋ ಮನಸ್ಸಿಲ್ಲ, ಮಾಡೋ ಮನಸ್ಸಿರೋ ನನಗೆ ಅಳತೆ ಗೊತ್ತಿಲ್ಲ. ಅದೇ ಊರಿನ ಬಂಡೆ ಮೇಲೆ ಬರೆದದ್ದು ಎರಡು ಸಾವಿರ ವರ್ಷ ದಾಟಿ ಉಳೀತು, ಅಜ್ಜಿಯ ಹೂರಣದ ಹದ ಆರು ವರ್ಷ ಉಳೀಲಿಲ್ಲ.

ಬರೀ ನಮ್ಮನೆ ಕತೆ ಅಂತ ನೀವು ಅನ್ನಬಾರದಲ್ಲ, ಅದಕ್ಕೆ ಒಂದೇ ಒಂದು ಅಂಕಿಅಂಶ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿಸಿದ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಅದೂ ಈ 88 ಎಲ್ಲ ಗಂಡಸರದ್ದಲ್ಲ, ಮನೆಗೆಲಸಕ್ಕೆ ಕೈ ಹಾಕೋರದ್ದು ಮಾತ್ರ. ಅಂಥವರು ಸುಮಾರು ನಾಲ್ವರಲ್ಲಿ ಒಬ್ಬ. ನನ್ನ ತಲೆಯಲ್ಲಿ ಉಳಿದದ್ದು ಆ ಸಂಖ್ಯೆಗಳಿಗಿಂತ ಅದರ ಕೆಳಗಿದ್ದ ಒಂದು ಸಾಲು. ಸಮೀಕ್ಷೆ ಲೆಕ್ಕಕ್ಕೆ ತಗೊಂಡದ್ದು 6 ವರ್ಷ ಮತ್ತು ಮೇಲ್ಪಟ್ಟವರನ್ನ. ಅಂದ್ರೆ ನಮ್ಮ ದೊಡ್ಡಾಕಿ ಆಗಲೇ ಆ ಲೆಕ್ಕದೊಳಗೆ ಬರ್ತಾಳೆ. ಸಣ್ಣಾಂವಗೆ ಇನ್ನೊಂದು ವರ್ಷ ಬಾಕಿ.

ಹಂಗಾದ್ರೆ ಅಕ್ಕ ಹೇಳಿದಂಗೆ ಅವಳನ್ನ ಹೊರಗಿಟ್ಟು ಇವನನ್ನ ಒಳಗೆ ತಗೊಳ್ಳೋದಾ? ರಾತ್ರಿ ಮಾಳಿಗೆ ಮೇಲೆ ಮಲಗಿ ಬಹಳ ಯೋಚಿಸಿದೆ. ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಅವಳಿಗೆ ಆ ಹಿಟ್ಟು ನಿಜವಾಗ್ಲೂ ಇಷ್ಟ ಆಗಿತ್ತು. ಹೂ ಕಟ್ಟೋ ದಾರ ತಗೊಂಡು ಸುರುಳಿಯ ಕೆಳಗೆ ತೂರಿಸಿ, ಮೇಲೆ ಅಡ್ಡ ಎಳೆದು ಕತ್ತರಿಸೋದು ಇದೆಯಲ್ಲ, (ಚಾಕು ಹಾಕಿದರೆ ಅಮುಕಿ ಹೋಗುತ್ತೆ, ದಾರವೇ ಸರಿ) ಪ್ರತಿ ತುಂಡಿನೊಳಗೂ ಸುತ್ತು ಕಂಡಾಗ ಅವಳ ಮುಖ ನೋಡಬೇಕಿತ್ತು. ಎಣಿಸಿ ಎಣಿಸಿ ಇಟ್ಟಳು. ಅದನ್ನ ಅವಳಿಂದ ಕಸಿಯೋದು ಇನ್ನೊಂದು ಥರದ ಅನ್ಯಾಯ ಅಲ್ವಾ?

ನನ್ನ ವಾದ ಇಷ್ಟು. ಬನ್ನು ನಮ್ಮ ಕಡೆ ಯಾರ ಕರ್ತವ್ಯವೂ ಅಲ್ಲ. ಹೆಣ್ಣು ನೋಡೋಕೆ ಬಂದೋರು "ರೊಟ್ಟಿ ಬಡೀಲಿಕ್ಕೆ ಬರ್ತದೇನವ್ವಾ?" ಅಂತ ಕೇಳಿದ್ದನ್ನ ನಾನು ಕಿವಿಯಾರೆ ಕೇಳಿದ್ದೀನಿ, "ಬನ್ನು ಸುತ್ತಲಿಕ್ಕೆ ಬರ್ತದೇನು?" ಅಂತ ಕೇಳಿದ್ದನ್ನ ಕೇಳಿಲ್ಲ. ಹೋಳಿಗೆ ಹರಿದರೆ ಹುಡುಗಿಯ ಮರ್ಯಾದೆ ಹರೀತು, ಬನ್ನು ಕುಸಿದರೆ ಎಲ್ಲರೂ ನಗ್ತಾರೆ. ಈ ತಿಂಡಿಯ ಬೆನ್ನ ಮೇಲೆ ಅತ್ತೆಯೂ ಇಲ್ಲ ಅಜ್ಜಿಯೂ ಇಲ್ಲ. ಹಾಗಾಗಿ ಹುಡುಗ ಹುಡುಗಿ ಇಬ್ಬರೂ ಸಮಾನ ಅಡ್ಡಾದಿಡ್ಡಿಯಾಗಿ ಕೈ ಹಾಕೋದಕ್ಕೆ ಇದಕ್ಕಿಂತ ಒಳ್ಳೆ ಪದಾರ್ಥ ನಮ್ಮ ಅಡುಗೆಮನೆಯಲ್ಲಿ ಸಿಗಲ್ಲ. "ನಮ್ಮ ಹೋಳಿಗೆ ಕಡುಬು ಬಿಟ್ಟು ಈ ಪರದೇಶಿ ಬನ್ನು ಯಾಕೆ ಕಲಿಸ್ತೀರಿ" ಅಂತ ಕೇಳೋ ಸಂಸ್ಕೃತಿ ರಕ್ಷಕರಿಗೆ ನನ್ನ ಉತ್ತರವೂ ಇದೇ.

ಪರದೇಶಿ ಅನ್ನೋ ಮಾತೂ ನಮ್ಮೂರಲ್ಲಿ ಬಹಳ ನಡೆಯಲ್ಲ ಬಿಡಿ. ತುಂಗಭದ್ರಾ ಅಣೆಕಟ್ಟು ಮುಗಿದು, 1953ರ ನಂತರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ಭತ್ತ ಬೆಳೆಯೋರು ಬಂದು ನೆಲೆಸಿದರು. ಅವರ ಊರುಗಳಿಗೆ ಇವತ್ತಿಗೂ ನಾವು ಕ್ಯಾಂಪ್ ಅಂತಲೇ ಅನ್ನೋದು. ಅವರ ಕಡೆಯ ಪೂತರೇಕು ಏನು? ಅಕ್ಕಿ ಗಂಜಿಯನ್ನ ಕಾದ ಮಡಕೆಯ ಬೆನ್ನ ಮೇಲೆ ಎಳೆದು ಕಾಗದಕ್ಕಿಂತ ತೆಳ್ಳಗೆ ಹಾಳೆ ಎಬ್ಬಿಸಿ, ತುಪ್ಪ ಸಕ್ಕರೆ ಹಾಕಿ ಮಡಿಚಿ ಸುತ್ತಿದ್ದು. ಇನ್ನೊಂದು ಕಡೆ ಆರ್‌.ಎಚ್. ಕ್ಯಾಂಪುಗಳು. ಪೂರ್ವ ಬಂಗಾಳ ಬಿಟ್ಟು ಬಂದ ಕುಟುಂಬಗಳು ಸುಮಾರು ಐವತ್ತು ವರ್ಷದಿಂದ ಅಲ್ಲಿವೆ. ನನ್ನ ಹೈಸ್ಕೂಲು ಗೆಳೆಯನೊಬ್ಬ ಅಲ್ಲಿಯವನು. ಸಂಕ್ರಾಂತಿಗೆ ಅವನ ಮನೆಗೆ ಹೋದರೆ ಪಾಟಿಸಾಪ್ಟಾ. ಅಕ್ಕಿಹಿಟ್ಟಿನ ತೆಳು ದೋಸೆ, ಒಳಗೆ ಕೊಬ್ಬರಿ ಬೆಲ್ಲ, ಸುತ್ತಿ ತಟ್ಟೆಗೆ. ಗೆಳೆಯ ಮತ್ತವನ ತಂಗಿ ಇಬ್ಬರೂ ಕೂತು ಕಾಯಿ ತುರೀತಿದ್ದರು, ನನ್ನ ಕೈಗೂ ಒಂದು ಹೋಳು ಕೊಟ್ಟಿದ್ದರು. ನಾನು ಜೀವನದಲ್ಲಿ ಮೊದಲು ಕಾಯಿ ತುರಿದದ್ದು ಅಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಅಲ್ಲಿ ಎಲ್ಲ ಸಮಾನತೆ ಇತ್ತು ಅಂತಲ್ಲ. ಒಲೆ ಮುಂದೆ ಇಡೀ ದಿನ ನಿಂತದ್ದು ಅವನ ತಾಯಿಯೇ. ಆದ್ರೆ ನನ್ನನ್ನ ಯಾರೂ ಹೊರಗೆ ಕಳಿಸಲಿಲ್ಲ.

ಮರುದಿನ ಒಂದು ಹೊಸ ಕಾನೂನು ಮಾಡಿದೆವು. ಹಿಟ್ಟು ಮುಟ್ಟಿದೋರು ಭಾಂಡೆ ಮುಟ್ಟಲೇಬೇಕು. ಅಕ್ಕ, ಅವ್ವ ಇಬ್ಬರಿಗೂ ಅವತ್ತು ಅಡುಗೆಮನೆಗೆ ಪ್ರವೇಶ ಇಲ್ಲ. ಅವ್ವ ಎರಡು ಸಲ ಗೋಡೆ ಬದಿಯಿಂದ ಇಣುಕಿ "ಬಿಡ್ರೋ, ನಾ ತಿಕ್ತೀನಿ" ಅಂದಳು. ಅಕ್ಕ ಕೈ ಹಿಡಿದು ಎಳಕೊಂಡು ಹೋದಳು.

ಹಿತ್ತಲಲ್ಲಿ ನಾನು, ಸಣ್ಣಾಂವ ಪರಾತ ತಿಕ್ಕೋಕೆ ಕೂತಿದ್ವಿ. ಅರ್ಧ ನೀರು ಅವನ ಚಡ್ಡಿಗೆ. ಒಣಗಿದ ಹಿಟ್ಟು ಬಿಸಿನೀರು ಹಾಕಿದಷ್ಟೂ ಅಂಟಾಗಿ ನಾರಿನ ತುಂಬ ಹಿಡಕೊಳ್ತು. ಮೊದಲು ತಣ್ಣೀರಲ್ಲಿ ನೆನೆಸಿಡಬೇಕಂತೆ. ನಾನು ಓದಿದ ಯಾವ ರೆಸಿಪಿಯಲ್ಲೂ ಇದು ಇರಲಿಲ್ಲ. ಬನ್ನಿನ ವಿಡಿಯೋಗಳೆಲ್ಲ ಯಾಕೆ ಬನ್ನು ಮುರಿಯೋ ದೃಶ್ಯಕ್ಕೇ ಮುಗೀತವೆ? ಆ ತಾಯಿ, ಆ ಮಕ್ಕಳು, ಆ ಬಿಳಿ ಅಡುಗೆಮನೆ. ಆಮೇಲೆ ಅದನ್ನ ಬಿಳಿ ಮಾಡೋರು ಯಾರು? ಸ್ವೀಡನ್ನಿನ ಶಾಲೆಗಳಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಅಡುಗೆ, ಮನೆಗೆಲಸದ ಪಾಠ ಕಡ್ಡಾಯ. ಬನ್ನಿನ ದಿನಕ್ಕಿಂತ ಅದನ್ನ ನಾವು ಆಮದು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನಮ್ಮಲ್ಲಿ ಐದು ವರ್ಷದ ಹುಡುಗ ಬನ್ನು ಸುತ್ತಿದರೆ "ಭಾರಿ ಶಾಣ್ಯಾ ಆಗ್ಯಾನ" ಅಂತ ಓಣಿಗೆಲ್ಲ ಸುದ್ದಿ. ಎಂಟು ವರ್ಷದ ಹುಡುಗಿ ಗುಡಿಸಿದರೆ ಸುದ್ದಿಯೇ ಅಲ್ಲ. ಮಕ್ಕಳ ಜೊತೆ ಬೇಕಿಂಗ್ ಮಾಡಿ, ಅಳತೆ ಕಲೀತಾರೆ, ತಾಳ್ಮೆ ಕಲೀತಾರೆ ಅಂತ ಹೇಳೋರೆಲ್ಲ ನಿಜವನ್ನೇ ಹೇಳ್ತಾರೆ. ಅಡುಗೆಮನೆಯಲ್ಲಿ ಯಾರು ಆಡ್ತಾರೆ, ಯಾರು ಗುಡಿಸ್ತಾರೆ ಅನ್ನೋದನ್ನೂ ಅದೇ ಅರ್ಧ ದಿನದಲ್ಲಿ ಕಲೀತಾರೆ ಅಂತ ಹೇಳಲ್ಲ.

ಈ ಸಲದ ಬನ್ನು ಓವನ್ನಿನಲ್ಲೇ ಆಯ್ತು. 180 ಡಿಗ್ರಿ, 20 ನಿಮಿಷ, ಕರೆಂಟು ಕೃಪೆ ಮಾಡಿತ್ತು. ಸಣ್ಣಾಂವ ಸುತ್ತಿದ್ದೆರಡು ಬಿಚ್ಚಿಕೊಂಡು ಹಾವಿನ ಥರ ಮಲಗಿದ್ವು. ಅವನ್ನೇ ಆರಿಸಿಕೊಂಡು ತಿಂದ.

ಮೂರನೇ ದಿನ ನಾನೇ ಉತ್ಸಾಹದಿಂದ ಮೈದಾ ಡಬ್ಬಿ ತೆಗೆದು ದೊಡ್ಡಾಕೀನ ಕರೆದೆ. ಅವಳು ಕೂಲರ್ ಮುಂದೆ ಬೋರಲು ಮಲಗಿ ಯಾವುದೋ ಕತೆಪುಸ್ತಕ ಓದ್ತಿದ್ದಳು. ತಲೆ ಎತ್ತದೇ "ನಾ ಒಲ್ಲೆ ಮಾಮಾ, ನೀವಿಬ್ಬರ ಮಾಡ್ರಿ, ಆದ ಮ್ಯಾಲ ಕರೀರಿ" ಅಂದಳು. ನನಗೆ ಸ್ವಲ್ಪ ಬೇಜಾರೇ ಆಯ್ತು. ಅಕ್ಕ ಅಲ್ಲೇ ಕೂತು ಬೆಳ್ಳುಳ್ಳಿ ಸುಲೀತಿದ್ದಳು. ಮಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಂಗೆ ನಕ್ಕಿದ್ದನ್ನ ನೋಡಿ ಬಹಳ ವರ್ಷ ಆಗಿತ್ತು.

ಆದ್ರೆ ಅಕ್ಕನ ಇನ್ನೊಂದು ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಹೊರಡೋ ದಿನ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬಂದವಳು ಕೇಳಿದ್ದು. "ಬನ್ನ ಛಲೋ ಆತು, ಭಾಂಡೆನೂ ತಿಕ್ಕಿದ್ರಿ. ನಾಳಿ ಮುಂಜಾನೆ ಲಿಂಗಸುಗೂರಾಗ ರೊಟ್ಟಿ ಬಡಿಯೂದು ಯಾರು?" ಬಸ್ಸು ಬಂತು, ಹತ್ತಿಬಿಟ್ಟೆ. ಭಾವನಿಗೆ ಫೋನ್ ಮಾಡಬೇಕು ಅಂತ ಒಂದು ತಿಂಗಳಿಂದ ಅಂದುಕೊಳ್ತಾ ಇದ್ದೀನಿ. ಏನಂತ ಶುರು ಮಾಡೋದು ಅಂತ ಗೊತ್ತಾಗ್ತಿಲ್ಲ.

ಶೇಂಗಾ ಹೋಳಿಗೆಯ ಅಳತೆ ಮಾತ್ರ ಅಕ್ಕ ಮೊನ್ನೆ ಕೇಳದೇನೇ ವಾಟ್ಸಾಪಿನಲ್ಲಿ ಕಳಿಸಿದ್ದಾಳೆ, ಮೂರು ನಿಮಿಷದ ದನಿ. "ಕಣಕ ಎಣ್ಣಿಯೊಳಗ ನೆನೀಬೇಕು, ಅವಸರ ಮಾಡಬ್ಯಾಡ" ಅಂತ ಎರಡು ಸಲ ಹೇಳಿದ್ದಾಳೆ. ಭಾನುವಾರ ಮಾಡ್ತೀನಿ. ಹರಿದರೆ ಹರೀಲಿ.

ನಿಮ್ಮ ಮನೆಗಳಲ್ಲಿ ಹೇಗೆ? ಮಕ್ಕಳ ಜೊತೆ ಏನಾದ್ರೂ ಮಾಡೋ ಅಭ್ಯಾಸ ಇದ್ರೆ ಬರೀರಿ. ರೆಸಿಪಿ ಬೇಡ, ಅದು ಎಲ್ಲಾ ಕಡೆ ಸಿಗುತ್ತೆ. ಆಮೇಲೆ ಪರಾತ ಯಾರು ತಿಕ್ಕಿದರು ಅಂತ ಬರೀರಿ :)